ಲೆಫ್ಟ್ ಫೀಲ್ಡಿನ ಸುಣ್ಣದ ಗುರುತು

ಆ ವರ್ಷದ ಮೊದಲ ಸ್ನೇಹಪಂದ್ಯದಲ್ಲಿ ಚೆಂಡು ಮೂರು ಸಲ ಒಂದೇ ಜಾಗದಲ್ಲಿ ಬಿತ್ತು. ನಮ್ಮ ಕ್ಯಾಪ್ಟನ್ ಹುಡುಗಿಯ ಬೆನ್ನ ಹಿಂದೆ, ಅವಳ ಹಿಂದೆ ದೂರದಲ್ಲಿ ನಿಲ್ಲುವ ಇನ್ನೊಬ್ಬ ಹುಡುಗಿಯ ಮೂಗಿನ ಮುಂದೆ. ಮೂರು ಸಲವೂ ಇಬ್ಬರೂ ಹತ್ತಿರವೇ ಇದ್ದರು. ಒಬ್ಬಳು ಮನಸ್ಸು ಮಾಡಿದ್ದರೆ ಸಾಕಿತ್ತು. ಎರಡು ಸಲ ಇಬ್ಬರೂ ನಿಂತು ಒಬ್ಬರ ಮುಖ ಒಬ್ಬರು ನೋಡಿದರು, ಚೆಂಡು ನಡುವೆ ಬಿದ್ದು ಎರೆಮಣ್ಣಿನಲ್ಲಿ ತೆಪ್ಪಗೆ ಕೂತಿತು. ಮೂರನೇ ಸಲ ಕ್ಯಾಪ್ಟನ್ ಹಿಮ್ಮುಖವಾಗಿ ಓಡಿ ಕೈ ಚಾಚಿದಳು; ಬೆರಳ ತುದಿಗೆ ತಾಗಿ ಬಿತ್ತು. ಅಷ್ಟರಲ್ಲಿ ಹಿಂದಿನ ಹುಡುಗಿ ಹೇಳಿದ್ದು ನನಗೂ ಕೇಳಿಸಿತು: "ಹಿಡೀರಿ ಅಕ್ಕಾ, ನೀವ ಹಿಡೀರಿ."

ಪಂದ್ಯ ಮುಗಿದ ಮೇಲೆ ಎದುರು ತಂಡದ ಕೋಚ್ ಕೈ ಕುಲುಕಿ, "ನಿಮ್ಮ ಹುಡುಗ್ಯಾರು ಭಾಳ ಸಂಭಾವಿತರದಾರ್ರಿ ಸರ್," ಎಂದರು. ನಾನೂ ನಕ್ಕೆ. ನಗು ತುಟಿಯ ಮೇಲಷ್ಟೇ ಇತ್ತು.

ನಾನು ನವನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಆಟದ ಮಾಸ್ತರ. ಹುಡುಗಿಯರ ಸಾಫ್ಟ್‌ಬಾಲ್ ತಂಡ ನನ್ನ ಕೈಯಲ್ಲಿದೆ. ಈ ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಮೈದಾನದ ಒಳಭಾಗದಲ್ಲಿ, ರನ್ನಿಗಾಗಿ ಓಡುವವರು ಮುಟ್ಟುವ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವವಳು ಶಾರ್ಟ್‌ಸ್ಟಾಪ್. ಅವಳ ಹಿಂದೆ, ಹೊರಭಾಗದಲ್ಲಿ ನಿಲ್ಲುವವಳು ಲೆಫ್ಟ್ ಫೀಲ್ಡ್. ಇಬ್ಬರ ನಡುವೆ ಎತ್ತರದ ಚೆಂಡು ಬಂದರೆ ಅದು ಹಿಂದಿನವಳದು. ಅವಳು ಮುಂದೆ ಓಡಿ ಬರುತ್ತಾಳೆ, ಚೆಂಡು ಕಣ್ಣೆದುರೇ ಇರುತ್ತದೆ, ಹಿಡಿದ ಕೂಡಲೇ ಎಸೆಯಬಹುದು. ಶಾರ್ಟ್‌ಸ್ಟಾಪ್ ಕತ್ತು ತಿರುಗಿಸಿ ಹಿಂದಕ್ಕೆ ಓಡಬೇಕು. ಆದ್ದರಿಂದ ಹಿಂದಿನವಳು "ನಂದು" ಎಂದು ಕೂಗಬೇಕು, ಮುಂದಿನವಳು ಸರಿಯಬೇಕು. ಆಟದ ಪುಸ್ತಕದಲ್ಲಿ ಇದು ಅರ್ಧ ಪುಟದ ವಿಷಯ. ನನ್ನ ಜೀವ ತಿಂದದ್ದು ಎರಡು ತಿಂಗಳು.

ನನ್ನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನನಗೆ ಸುಣ್ಣದ ಹುಚ್ಚು. ಆಟಕ್ಕೆ ಬೇಕಾದ ಗೆರೆಗಳನ್ನು ಎಲ್ಲರೂ ಹೊಡೆಯುತ್ತಾರೆ. ನಾನು ಪ್ರತಿಯೊಬ್ಬ ಹುಡುಗಿ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೂ ಒಂದು ಸಣ್ಣ ಅಡ್ಡಗೆರೆ ಎಳೆಯುತ್ತಿದ್ದೆ. ನೀರಿನ ಕೊಡ ಇಡುವ ಜಾಗಕ್ಕೂ ಸುಣ್ಣದ ಗುರುತಿತ್ತು. ಹುಡುಗಿಯರು ಹಿಂದಿನಿಂದ ನನ್ನನ್ನು ಸುಣ್ಣದ ಸರ್ ಅನ್ನುತ್ತಾರೆಂದು ಗೊತ್ತಿತ್ತು, ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಕ್ಯಾಪ್ಟನ್ ಕೊನೆಯ ವರ್ಷದ ವಿದ್ಯಾರ್ಥಿನಿ, ಧಾರವಾಡದಾಚೆಯ ಮುಗದ ಊರಿನವಳು. ಲೆಫ್ಟ್ ಫೀಲ್ಡಿನವಳು ಮೊದಲ ವರ್ಷ, ಅವಳೂ ಮುಗದದವಳೇ. ಪಿಯುಸಿ ಆದ ಮೇಲೆ ಕಿರಿಯವಳನ್ನು ಮನೆಯಲ್ಲಿ ಕೂಡಿಸುವ ಮಾತು ನಡೆದಾಗ, ಕ್ಯಾಪ್ಟನ್ ಅವರ ಮನೆಗೆ ನಾಲ್ಕು ಸಲ ಹೋಗಿ ಕೂತು, ಹಿರಿಯರನ್ನು ಒಪ್ಪಿಸಿ, ಅವಳನ್ನು ನಮ್ಮ ಕಾಲೇಜಿಗೆ ತಂದಿದ್ದಳು. ದಿನವೂ ಕೂಡಿಯೇ ಬಸ್ಸಿಗೆ ಬಂದು, ಧಾರವಾಡದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತುತ್ತಿದ್ದರು. ಕಿರಿಯವಳ ಕಾಲಲ್ಲಿದ್ದ ಬೂಟು ಕೂಡ ಕ್ಯಾಪ್ಟನ್‌ಳ ಹಳೆಯದು; ಮುಂದೆ ಹತ್ತಿ ತುರುಕಿ ಹಾಕಿಕೊಳ್ಳುತ್ತಿದ್ದಳು. ಅಂಥ ಅಕ್ಕನಿಗೆ "ಬಿಡು, ನಂದು" ಎನ್ನುವುದು ಹೇಗೆ? ನಮ್ಮ ಕಡೆಯ ಪಂಕ್ತಿಯಲ್ಲಿ ಕೊನೆಯ ಹೋಳಿಗೆ ಬಂದಾಗ "ಅವರಿಗೆ ಹಾಕ್ರಿ", "ಇಲ್ಲ ಇಲ್ಲ, ಇವರಿಗೆ ಹಾಕ್ರಿ" ಎಂದು ಒತ್ತಾಯ ನಡೆದು, ಹೋಳಿಗೆ ಬುಟ್ಟಿಯಲ್ಲೇ ಉಳಿಯುತ್ತದಲ್ಲ, ಚೆಂಡೂ ಹಾಗೇ ನೆಲಕ್ಕೆ ಉಳಿಯುತ್ತಿತ್ತು.

ನಗುವ ವಿಷಯ ಇಷ್ಟೇ ಆಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆದರೆ ಕ್ಯಾಪ್ಟನ್‌ಗೆ ಅದು ಕೊನೆಯ ಅವಕಾಶ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯದ ತಂಡವನ್ನು ಆರಿಸುವವರು ಬಂದು ಕೂರುತ್ತಾರೆ. ಆ ತಂಡದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ದೈಹಿಕ ಶಿಕ್ಷಣದ ಓದಿಗೆ ಸೀಟು ಸಿಗುವುದು ಸುಲಭ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. "ನಿಮ್ಮಂಗ ಕೊಳ್ಳಾಗ ಸೀಟಿ ಹಾಕ್ಕೊಂಡು ಮೈದಾನದಾಗ ಅಡ್ಡಾಡಬೇಕ್ರಿ ಸರ್," ಎಂದು ಮೊದಲ ವರ್ಷವೇ ಹೇಳಿದ್ದಳು. ಬೆರಳಿಗೆ ತಾಗಿ ಬಿದ್ದ ಚೆಂಡು ಸ್ಕೋರ್ ಹಾಳೆಯಲ್ಲಿ ಅವಳ ತಪ್ಪಾಗಿ ಬೀಳುತ್ತದೆ. ಆರಿಸುವವರು ಹಾಳೆ ನೋಡುತ್ತಾರೆ, ಹಿಂದೆ ನಿಂತವಳ ಮರ್ಯಾದೆಯನ್ನಲ್ಲ.

ನಾನು ಮೊದಲು ಮಾಡಿದ್ದು ಎಲ್ಲ ಕೋಚ್‌ಗಳೂ ಮಾಡುವುದನ್ನೇ. ದಿನವೂ ನಾಲ್ಕು ಗಂಟೆಗೆ ಬ್ಯಾಟು ಹಿಡಿದು, ಇಬ್ಬರ ನಡುವಿನ ಜಾಗಕ್ಕೆ ಐವತ್ತು ಚೆಂಡು ಎತ್ತಿ ಹೊಡೆದೆ. ಪ್ರತಿ ಚೆಂಡಿಗೂ ಕಿರಿಯವಳು ಮೂರು ಸಲ "ನಂದು" ಎಂದು ಕೂಗಬೇಕು. ಕೂಗಿದಳು. ರಸ್ತೆಯಾಚೆ ಚಹಾ ಕುಡಿಯುವವರು ತಿರುಗಿ ನೋಡುವ ಹಾಗೆ ಕೂಗಿದಳು. ನನಗೆ ಹಿಗ್ಗೋ ಹಿಗ್ಗು. ಮುಂದಿನ ಸ್ನೇಹಪಂದ್ಯದಲ್ಲಿ ಅದೇ ಚೆಂಡು ಬಂತು, ಅವಳ ಬಾಯಿ ಕಟ್ಟಿಹೋಯಿತು.

"ಯಾಕವಾ, ಏನಾತು?" ಎಂದು ಕೇಳಿದೆ.

"ಬಾಯಿಗೆ ಬರಲಿಲ್ರಿ ಸರ್."

ಸಿಟ್ಟು ನೆತ್ತಿಗೇರಿತು. ಮರುದಿನದಿಂದ ಶಿಕ್ಷೆ ಶುರು ಮಾಡಿದೆ: ನಡುವೆ ಒಂದು ಚೆಂಡು ಬಿದ್ದರೆ ಇಬ್ಬರೂ ಮೈದಾನಕ್ಕೆ ಒಂದೊಂದು ಸುತ್ತು ಓಡಬೇಕು. ಎರಡನೇ ದಿನವೇ ಗೊತ್ತಾಯಿತು, ಕಿರಿಯವಳು ಕ್ಯಾಪ್ಟನ್ ಪಾಲಿನ ಸುತ್ತನ್ನೂ ತಾನೇ ಓಡುತ್ತಿದ್ದಾಳೆ. ಬೇಡವೆಂದು ಗದರಿದರೆ "ಹೂನ್ರಿ ಸರ್" ಎಂದು ನಿಂತಳು, ನಾನು ಆ ಕಡೆ ತಿರುಗಿದಾಗ ಮತ್ತೆ ಓಡಿದಳು. ಆಮೇಲೆ ಅವಳ ಜಾಗವನ್ನೇ ಬದಲಿಸಿದೆ, ರೈಟ್ ಫೀಲ್ಡಿಗೆ ಹಾಕಿದೆ. ಅಲ್ಲಿದ್ದವಳು ಎಡಕ್ಕೆ ಬಂದಳು. ಅವಳ ಎಸೆತ ಬ್ಯಾಟಿನವರ ಹಿಂದೆ ಕೂರುವ ಕ್ಯಾಚರ್‌ವರೆಗೆ ಮುಟ್ಟದೆ ಎರಡು ಟಪ್ಪಿ ಬಿದ್ದು ಹೋಗುತ್ತಿತ್ತು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯಿತು. ಹಾಗೆ ಆಡಿದ ಪಂದ್ಯವನ್ನು ಇನ್ನೂ ಕೆಟ್ಟದಾಗಿ ಸೋತು, ಇಬ್ಬರನ್ನೂ ಹಳೆಯ ಜಾಗಕ್ಕೇ ಕಳಿಸಿದೆ.

ಕೊನೆಗೆ ಕ್ಯಾಪ್ಟನ್‌ಳನ್ನು ಕರೆದು ಕೂಡಿಸಿದೆ. ಅವಳು ಕಟ್ಟೆಯ ಮೇಲೆ ಕೂತು ಗ್ಲೌಸಿನ ಸಡಿಲಾದ ದಾರ ಬಿಗಿಯುತ್ತಿದ್ದಳು.

"ನೀನ ಅಕಿಗೆ ಹೇಳವಾ. ನಿನ್ನ ಮಾತ ಕೇಳ್ತಾಳ."

"ಹೇಳೇನ್ರಿ ಸರ್. ಮೈದಾನದಾಗ ನಾ ಯಾವ ಅಕ್ಕನೂ ಅಲ್ಲ, ನನ್ನ ದೂಡಿ ಹಿಡಿ ಅಂತನೂ ಹೇಳೇನಿ. ಹೂನ್ರಿ ಅಕ್ಕಾ ಅಂತಾಳ." ದಾರದ ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದಳು. "ನಾ ಹೇಳೇನಿ ಅಂತ ದೂಡಿದ್ರ, ಅದೂ ನನ್ನ ಮಾತ ಕೇಳಿದಂಗ ಆತಲ್ರಿ. ಅಕಿಗೆ ತಾನಾಗೇ ಅನ್ನಿಸಬೇಕ್ರಿ."

ಅವಳೇ ಮುಂದುವರಿಸಿದಳು: "ನನ್ನ ಹೆಸರಿನ ಮುಂದ ತಪ್ಪು ಬೀಳಾಕತ್ತಾವಲ್ರಿ, ಅದನ್ನ ಅಕಿಗೆ ಹೇಳಬ್ಯಾಡ್ರಿ ಸರ್. ಗೊತ್ತಾದ್ರ ಅಕಿ ಆಟಾನ ಬಿಟ್ಟು ಕುಂದರ್ತಾಳ."

ಇಂಥ ಹುಡುಗಿಗೆ ಸೀಟು ಸಿಗದಿದ್ದರೆ ಇನ್ಯಾರಿಗೆ ಸಿಗಬೇಕು ಎಂದು ನನಗೆ ಅನ್ನಿಸಿತು. ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪಂದ್ಯಾವಳಿಗೆ ಎರಡೂವರೆ ವಾರ ಉಳಿದಿತ್ತು.

ಬಿಡಿಸಿ ಹೇಳಿದವರು ನಮ್ಮ ಮೈದಾನ ನೋಡಿಕೊಳ್ಳುವ ಕಾಕಾ. ಮಳೆ ಬಂದು ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕಾಕಾ ಹಗ್ಗ ಹಿಡಿದಿದ್ದರು, ನಾನು ಸುಣ್ಣದ ಡಬ್ಬಿ ಹಿಡಿದು ಗೆರೆ ಬಿಡುತ್ತಿದ್ದೆ. ಲೆಫ್ಟ್ ಫೀಲ್ಡಿನ ಗುರುತಿನ ಹತ್ತಿರ ಬಂದಾಗ ಅವರು ಹಗ್ಗ ಕೆಳಗಿಟ್ಟರು.

"ಸರ್, ಒಂದ ಮಾತ ಹೇಳ್ತೇನಿ, ಸಿಟ್ಟ ಆಗಬ್ಯಾಡ್ರಿ."

"ಹೇಳ್ರಿ ಕಾಕಾ."

"ಇಲ್ಲಿ ನಿಂದರೂ ಹುಡಿಗಿ ಐತಲ್ರಿ, ಚೆಂಡ ಮ್ಯಾಲ ಹೋತಂದ್ರ ಮೊದಲ ತನ್ನ ಕಾಲಾಗಿನ ಗೆರಿ ನೋಡ್ತಾಳ. ಆಮ್ಯಾಲ ನಿಮ್ಮ ಮಾರಿ ನೋಡ್ತಾಳ. ಆಮ್ಯಾಲ ಅಕ್ಕನ್ನ ನೋಡ್ತಾಳ. ಅಷ್ಟರಾಗ ಚೆಂಡ ಬಿದ್ದಿರತೈತಿ."

ಎರಡು ತಿಂಗಳಿಂದ ನಾನು ಚೆಂಡನ್ನು ನೋಡುತ್ತಿದ್ದೆ, ಕಾಕಾ ಹುಡುಗಿಯನ್ನು ನೋಡಿದ್ದರು. ಸಂಜೆ ಅವಳು ಬಂದಾಗ ಅದೇ ಗುರುತಿನ ಹತ್ತಿರ ಕರೆದುಕೊಂಡು ಹೋದೆ.

"ಖರೇ ಹೇಳು. ಈ ಗುರುತು ಬರೋಬ್ಬರಿ ಐತೇನು?"

ಅವಳು ನೆಲ ನೋಡಿದಳು. "ಹತ್ತ ಹೆಜ್ಜಿ ಹಿಂದ ಆಗೇತ್ರಿ ಸರ್."

"ಯಾವಾಗಿಂದ ಗೊತ್ತೈತಿ ನಿನಗ?"

"ಮೊದಲನೇ ದಿವಸದಿಂದ್ರಿ."

"ಮತ್ತ ಹೇಳಲಿಲ್ಲ ಯಾಕ?"

"ನೀವ ಹಾಕಿದ್ದಲ್ರಿ ಸರ್."

ಲೆಕ್ಕ ಹಾಕಿ ನೋಡಿದರೆ ಅವಳ ಮಾತೇ ಸರಿ. ಆ ಗುರುತು ನಾನು ಹಿಂದಿನ ತಂಡಕ್ಕೆ ಹಾಕಿದ್ದು. ಬ್ಯಾಟಿನವರಿಗೆ ಚೆಂಡು ಎಸೆಯುವ ಆಗಿನ ಪಿಚರ್‌ಳ ಚೆಂಡು ನೇರ ಬರುತ್ತಿತ್ತು, ಹೊಡೆದರೆ ದೂರ ಹೋಗುತ್ತಿತ್ತು. ಈಗಿನವಳ ಚೆಂಡು ಬ್ಯಾಟಿನ ಹತ್ತಿರ ಬಂದಾಗ ಕೆಳಗೆ ಇಳಿಯುತ್ತದೆ. ಅದು ಬ್ಯಾಟಿಗೆ ಪೂರ್ತಿ ಸಿಗುವುದಿಲ್ಲ, ಮೇಲೆದ್ದರೂ ಹತ್ತಿರವೇ ಬೀಳುತ್ತದೆ. ಪಿಚರ್ ಬದಲಾಗಿದ್ದಳು, ಲೆಫ್ಟ್ ಫೀಲ್ಡ್ ಬದಲಾಗಿದ್ದಳು, ನನ್ನ ಸುಣ್ಣ ಮಾತ್ರ ಅಲ್ಲೇ ಇತ್ತು. ಹತ್ತು ಹೆಜ್ಜೆ ಹಿಂದಿನಿಂದ ಓಡಿ ಬರುವವಳು "ನಂದು" ಎಂದು ಯಾವ ಧೈರ್ಯದಿಂದ ಕೂಗಬೇಕು?

ಕೇಶ್ವಾಪುರದ ನನ್ನ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಏನಾದರೂ ಹೇಳಿಕೊಟ್ಟು "ತಿಳೀತಿಲ್ಲ?" ಎಂದು ಕೇಳಿದಾಗ ಹುಡುಗಿಯರೆಲ್ಲ ಒಂದೇ ದನಿಯಲ್ಲಿ "ಹೂನ್ರಿ ಸರ್" ಅನ್ನುತ್ತಿದ್ದರು. ಅದನ್ನು ಕೇಳಿ ಶಿಸ್ತು ಎಂದು ಬೀಗಿದ್ದೆ. ನನ್ನೆದುರು ಹತ್ತು ಹೆಜ್ಜೆ ಮುಂದೆ ಬರಲು ಹೆದರುವವಳಿಗೆ ಅಕ್ಕನೆದುರು ಹೆದರಬೇಡ ಎಂದು ಪಾಠ ಹೇಳುತ್ತಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಮರುದಿನ ಮೂರು ಕೆಲಸ ಮಾಡಿದೆ. ಆಟದ ನಿಯಮಕ್ಕೆ ಬೇಕಾದ ಗೆರೆಗಳನ್ನು ಬಿಟ್ಟು, ನಿಲ್ಲುವ ಗುರುತುಗಳನ್ನೆಲ್ಲ ಕಾಕಾ ಕೈಯಲ್ಲಿ ಅಳಿಸಿಹಾಕಿಸಿದೆ. ಸೀಟಿಯನ್ನು ಬಿಚ್ಚಿ ಕ್ಯಾಪ್ಟನ್ ಕೊರಳಿಗೆ ಹಾಕಿದೆ. ಇನ್ನು ಅಭ್ಯಾಸ ನಡೆಸುವವಳು ಅವಳೇ, ಬ್ಯಾಟಿನಿಂದ ಚೆಂಡು ಎತ್ತಿ ಕೊಡುವವಳೂ ಅವಳೇ. ಹಳೆಯ ಗ್ಲೌಸ್ ಒಂದನ್ನು ತೊಟ್ಟು ನಾನೇ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತೆ. ಕಿರಿಯವಳಿಗೆ ಹೇಳಿದ್ದು ಇಷ್ಟೇ: "ಹಿಂದ ನಿಂತವರಿಗೆ ಮೈದಾನ ಎಲ್ಲಾ ಕಾಣತೈತಿ. ಯಾರ ಎಲ್ಲಿ ನಿಂದರಬೇಕು ನೀ ಹೇಳು. ನಾ ಎಲ್ಲಿ ನಿಂದರಬೇಕು ಅನ್ನೂದನ್ನೂ ನೀನ ಹೇಳು."

ಸರ್‌ನನ್ನೇ ಸರಿಸುವುದು ಬಂದರೆ ಅಕ್ಕನನ್ನು ಸರಿಸುವುದು ಕಷ್ಟವಾಗಲಾರದು ಎನ್ನುವುದು ನನ್ನ ಎಣಿಕೆ. ಅಂತರ ಕಾಲೇಜಿಗೆ ಎರಡು ವಾರವಿರುವಾಗ ಕ್ಯಾಪ್ಟನ್‌ಳನ್ನು ಅವಳ ಜಾಗದಿಂದ ತೆಗೆದು ತಾನೇ ಆಡುವ ಮಾಸ್ತರನನ್ನು ಕಂಡು ಸ್ಟಾಫ್‌ರೂಮಿನಲ್ಲಿ ನಗೆಯಾಡಿದರಂತೆ. ನಗಲಿ ಬಿಡಿ ಎಂದುಕೊಂಡೆ.

ಮೊದಲ ದಿನ ನನ್ನ ಮತ್ತು ಅವಳ ನಡುವೆ ಏಳು ಚೆಂಡು ಬಿದ್ದವು. ಒಂದನ್ನೂ ನಾನು ಮುಟ್ಟಲಿಲ್ಲ. ಎರಡನೇ ದಿನ ಒಂದು ಚೆಂಡು ನನ್ನ ಹೆಗಲಿಗೇ ಬಂದು ಬಡಿಯಿತು. ಬೇವಿನ ಗಿಡದ ಕೆಳಗೆ ಕೂತ ಕಾಕಾ ಮುಖಕ್ಕೆ ಟವೆಲ್ ಅಡ್ಡ ಹಿಡಿದು ನಕ್ಕರು. ಮೂರನೇ ದಿನ ಮೊಣಕಾಲು ಹಿಡಿದುಕೊಂಡಿತು. ನಾಲ್ಕನೇ ದಿನ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು: "ಸರ್, ಒಂದ ಸ್ವಲ್ಪ ಬಲಕ್ಕ ಸರೀರಿ." ತಿರುಗಿ ನೋಡಿದರೆ ದನಿ ಮತ್ತೆ ಅಡಗೀತು ಎಂದು, ತಿರುಗದೆ ಎರಡು ಹೆಜ್ಜೆ ಬಲಕ್ಕೆ ಸರಿದೆ. ಅವತ್ತು ನನಗಾದ ಸಂತೋಷ ಕಪ್ ಗೆದ್ದಾಗಲೂ ಆಗಿರಲಿಲ್ಲ.

ವಾರ ಕಳೆಯುವುದರಲ್ಲಿ ಅವಳು ತನ್ನಷ್ಟಕ್ಕೆ ತಾನೇ ಮುಂದೆ ಬಂದು ನಿಲ್ಲತೊಡಗಿದಳು. ಹತ್ತು ಹೆಜ್ಜೆಯಲ್ಲ, ಹೊಡೆಯುವವಳ ಕೈ ನೋಡಿಕೊಂಡು ಒಮ್ಮೆ ಎಂಟು, ಒಮ್ಮೆ ಹದಿಮೂರು. ಬ್ಯಾಟು ಹಿಡಿದವಳ ಪಾದ ಯಾವ ಕಡೆ ತಿರುಗಿದೆ ಎಂದು ನೋಡಿ ಜಾಗ ಬದಲಿಸುತ್ತಿದ್ದಳು; ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. "ಬಿಡ್ರಿ ಸರ್, ನಂದು" ಎನ್ನುವುದು ರೂಢಿಯಾಯಿತು. ಆದರೆ ಕ್ಯಾಪ್ಟನ್ ತನ್ನ ಜಾಗಕ್ಕೆ ಮರಳಿದ ದಿನ ದನಿ ಮತ್ತೆ ಅರ್ಧಕ್ಕೆ ಇಳಿಯಿತು. "ನಂದ್ರಿ ಅಕ್ಕಾ" ಎಂದು ಮೆಲ್ಲಗೆ, ಅಪ್ಪಣೆ ಕೇಳಿದ ಹಾಗೆ ಅಂದಳು. ಇದ್ದದ್ದರಲ್ಲೇ ಹೋಗೋಣವೆಂದು ಹೊರಟೆವು.

ಪಂದ್ಯಾವಳಿ ಧಾರವಾಡದ ಒಂದು ಮೈದಾನದಲ್ಲಿ, ಎರಡು ದಿನ. ಮೊದಲ ದಿನದ ಎರಡು ಪಂದ್ಯಗಳಲ್ಲಿ ಆ ಜಾಗಕ್ಕೆ ಒಂದೇ ಚೆಂಡು ಬಂತು, ಕಿರಿಯವಳು ಹಿಡಿದಳು. ಕ್ಯಾಪ್ಟನ್ ನೆಲದ ಮೇಲೆ ಬಂದ ಚೆಂಡುಗಳನ್ನೆಲ್ಲ ಬಾಚಿ ಎಸೆದಳು, ಅವಳ ಹೆಸರಿನ ಮುಂದೆ ಒಂದೂ ತಪ್ಪಿರಲಿಲ್ಲ. ಫೈನಲ್‌ನಲ್ಲಿ ನಮಗೆ ಎದುರಾದದ್ದು ನಮ್ಮನ್ನು ಸಂಭಾವಿತರು ಎಂದಿದ್ದ ಅದೇ ತಂಡ. ಶಾಮಿಯಾನದ ಕೆಳಗೆ ಆರಿಸುವವರು ಮೂವರು ಹಾಳೆ ಹಿಡಿದು ಕೂತಿದ್ದರು. ನಮ್ಮವರು ಫೀಲ್ಡಿಂಗ್ ಮಾಡುವಾಗ ನಾನು ತುಟಿ ಬಿಚ್ಚುವುದಿಲ್ಲ ಎಂದು ಹುಡುಗಿಯರಿಗೆ ಮಾತು ಕೊಟ್ಟಿದ್ದೆ. ಮರೆತುಬಿಟ್ಟೇನು ಎಂದು ಬಾಯಲ್ಲಿ ಲವಂಗ ಹಾಕಿಕೊಂಡು ಮೂರನೇ ಬೇಸಿನ ಕಡೆಯ ನಮ್ಮ ಬೆಂಚಿನ ಮೇಲೆ ಕೂತೆ.

ಏಳನೇ ಇನಿಂಗ್ಸ್, ಅಂದರೆ ಕೊನೆಯದು. ನಮ್ಮದು ನಾಲ್ಕು ರನ್, ಅವರದು ಮೂರು. ಅವರ ಇಬ್ಬರು ಔಟಾಗಿದ್ದರು, ಇನ್ನೊಂದು ಔಟ್ ಸಾಕು. ಆದರೆ ಎರಡನೇ ಮತ್ತು ಮೂರನೇ ಬೇಸಿನಲ್ಲಿ ಅವರ ಹುಡುಗಿಯರು ಓಡಲು ಸಿದ್ಧರಾಗಿ ನಿಂತಿದ್ದರು. ಒಂದು ಚೆಂಡು ನೆಲಕ್ಕೆ ಬಿದ್ದರೆ ಇಬ್ಬರೂ ಕೊನೆಯ ಬೇಸ್ ಮುಟ್ಟಿ, ಅವರಿಗೆ ಐದು ರನ್ ಆಗಿ ಪಂದ್ಯ ಮುಗಿಯುತ್ತಿತ್ತು.

ನಮ್ಮ ಪಿಚರ್‌ಳ ಚೆಂಡು ಇಳಿಯಿತು, ಬ್ಯಾಟಿನ ಕೆಳಗಿನ ಅಂಚಿಗೆ ಸಿಗುವ ಬದಲು ಮೇಲಂಚಿಗೆ ಸಿಕ್ಕಿತು. ಚೆಂಡು ಎತ್ತರಕ್ಕೆ ಹೋಗಿ, ಗಾಳಿಗೆ ತೇಲಿ, ಅದೇ ಜಾಗದ ಕಡೆ ಬಂತು. ಕ್ಯಾಪ್ಟನ್ ಬೆನ್ನ ಹಿಂದೆ, ಕಿರಿಯವಳ ಮುಂದೆ.

ಎರಡು ವಾರದ ನನ್ನ ಪಾಠವೆಲ್ಲ ಆ ಕ್ಷಣದಲ್ಲಿ ಮಣ್ಣುಗೂಡಿತು. ನಾನು ಬೆಂಚಿನಿಂದ ಎದ್ದು ನಿಂತಿದ್ದೆ, ಲವಂಗ ಎಲ್ಲಿ ಬಿತ್ತೋ ಗೊತ್ತಿಲ್ಲ, ಕ್ಯಾಪ್ಟನ್ ಹೆಸರು ಹಿಡಿದು "ನಿಂದ ಅದು, ಹಿಡಿ" ಎಂದು ಕಿರುಚಿದ್ದೆ. ಪಾಪ, ಅವಳು ನನ್ನ ದನಿಗೆ ಹಿಂದಕ್ಕೆ ತಿರುಗಿ ಓಡಲು ಕಾಲು ಎತ್ತಿಯೇ ಬಿಟ್ಟಳು.

ಆಗ ಹಿಂದಿನಿಂದ ಬಂತು ಒಂದು ಕೂಗು, ಇಡೀ ಮೈದಾನಕ್ಕೆ ಕೇಳುವ ಹಾಗೆ.

"ಸರ್, ನೀವ ಸುಮ್ನಿರ್ರಿ! ಅಕ್ಕಾ ಬಿಡು, ನಂದು!"

ನನ್ನ ಬಾಯಿ ಮುಚ್ಚಿತು. ಕ್ಯಾಪ್ಟನ್ ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕಿರಿಯವಳು ಅವಳಿಂದ ಎರಡು ಗೇಣು ದೂರದಲ್ಲಿ ಬಗ್ಗಿ, ಮೊಣಕಾಲಿನ ಮಟ್ಟದಲ್ಲಿ ಚೆಂಡು ಹಿಡಿದು, ಉರುಳಿ ಎದ್ದಳು. ಗ್ಲೌಸು ಮೇಲೆತ್ತಿದಾಗ ಚೆಂಡು ಒಳಗೇ ಇತ್ತು. ಕಾಲಿನ ಒಂದು ಬೂಟು ಕಳಚಿ ಹಿಂದೆ ಬಿದ್ದಿತ್ತು. ಅಂಪೈರ್ ಕೈ ಎತ್ತಿದರು.

ಎದುರು ತಂಡದ ಕೋಚ್ ಬಂದು ಕೈ ಕುಲುಕಿದರು. "ಸಂಭಾವಿತರು ಅಂದಿದ್ನಲ್ರಿ ಸರ್, ಆ ಮಾತ ವಾಪಸ್ ತೊಗೊಂಡೆ," ಎಂದರು. ಈ ಸಲ ನಾನು ಮನಸಾರೆ ನಕ್ಕೆ.

ಕಿರಿಯವಳು ಅಳುಮೋರೆ ಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು. "ತಪ್ಪಾತ್ರಿ ಸರ್. ನಿಮಗ ಹಂಗ ಅನಬಾರದಾಗಿತ್ತು."

"ಅನ್ನಲಿಲ್ಲ ಅಂದಿದ್ರ ಇವತ್ತ ನನ್ನಿಂದ ಸೋಲ್ತಿದ್ವಿ," ಎಂದೆ. ಅದು ಸಮಾಧಾನದ ಮಾತಲ್ಲ, ಇದ್ದದ್ದನ್ನೇ ಹೇಳಿದ್ದು. ಕ್ಯಾಪ್ಟನ್ ಅವಳ ಬೂಟು ಎತ್ತಿಕೊಂಡು ಬಂದಳು, ಮುಖವೆಲ್ಲ ನಗು. "ಅಕಿ ನನಗ ಬಿಡು ಅಂದ್ಲು, ಕೇಳಿದ್ರಿಲ್ರಿ ಸರ್?" ಎಂದು ಮೂರು ಸಲ ಹೇಳಿದಳು. ಮನೆಗೆ ಹೊರಡಲು ಇಬ್ಬರೂ ಮುಗದದ ಬಸ್ಸು ಹತ್ತಿದ್ದನ್ನು ನಾನು ನಿಂತು ನೋಡಿದೆ. ಖಾಲಿ ಇದ್ದದ್ದು ಒಂದೇ ಸೀಟು. "ನೀವ ಕುಂದರ್ರಿ ಅಕ್ಕಾ" ಎಂದು ಕಿರಿಯವಳು ಕಂಬ ಹಿಡಿದು ನಿಂತಳು. ಮರ್ಯಾದೆ ಎಲ್ಲಿ ಇರಬೇಕೋ ಅಲ್ಲಿ ಸುರಕ್ಷಿತವಾಗಿತ್ತು.

ನಾಲ್ಕು ದಿನ ಬಿಟ್ಟು ವಿಶ್ವವಿದ್ಯಾಲಯದ ತಂಡದ ಪಟ್ಟಿ ಬಂತು, ಅದರಲ್ಲಿ ಕ್ಯಾಪ್ಟನ್ ಹೆಸರಿತ್ತು. ಪಟ್ಟಿಯನ್ನು ಅವಳ ಕೈಗೆ ಕೊಟ್ಟಾಗ ಸೀಟಿಯನ್ನು ಬಿಚ್ಚಿ ವಾಪಸ್ ಕೊಡಲು ಬಂದಳು. "ಇರಲಿ ಬಿಡವಾ, ಮುಂದ ಬೇಕಾಗತೈತಿ," ಎಂದೆ. ಬೇರೆ ಸೀಟಿ ತೆಗೆದುಕೊಳ್ಳುವುದು ನನಗೇನು ದೊಡ್ಡ ಮಾತಲ್ಲ.

ಅವತ್ತು ಸಂಜೆ ಮೈದಾನಕ್ಕೆ ಹೋದರೆ ಬೇವಿನ ಗಿಡದ ಕೆಳಗೆ, ಅಂಚಿನ ಗೆರೆಯಿಂದ ಬಹಳ ಆಚೆ, ಸುಣ್ಣದ ಒಂದು ಪುಟ್ಟ ವೃತ್ತವಿತ್ತು. ಸೊಟ್ಟಗಿತ್ತು, ಒಂದು ಕಡೆ ಸುಣ್ಣ ಗುಡ್ಡೆ ಬಿದ್ದಿತ್ತು. ಕಿರಿಯವಳು ಡಬ್ಬಿ ಹಿಡಿದು ನಿಂತಿದ್ದಳು, ಕೈಯೆಲ್ಲ ಬೆಳ್ಳಗಾಗಿತ್ತು. ಕಾಕಾ ಈ ಸಲ ಟವೆಲ್ ಕೂಡ ಅಡ್ಡ ಹಿಡಿಯದೆ ನಗುತ್ತಿದ್ದರು.

"ಏನವಾ ಇದು?"

"ನೀವ ನಿಂದರೂ ಜಾಗಾರಿ ಸರ್. ನಾವು ಫೀಲ್ಡಿಂಗ್ ಮಾಡೂವಾಗ ಇದರಾಚೆ ಬರಬಾರದ್ರಿ."

ನಾನು ಅಂಚಿನ ಗೆರೆಯನ್ನೂ ವೃತ್ತವನ್ನೂ ನೋಡಿ ಅಳತೆ ಹಾಕಿದೆ. "ಹತ್ತ ಹೆಜ್ಜಿ ಹಿಂದ ಆಗೇತಲ್ಲವಾ."

ಅವಳು ನೆಲ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಬರೋಬ್ಬರಿ ಐತ್ರಿ ಸರ್."

ನಾನು ಒಳಗೆ ಹೋಗಿ ನಿಂತೆ.